ಬಾಗಿದ ಚಾಸಿಗೆ ಮೂಲೆಮಟ್ಟ

ಹಳೆಯ ಸ್ಪೋರ್ಟ್ಸ್ ಕಾರೊಂದು ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೊರಟರೆ ನೋಡುವವರ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ತಂತಿ ಕಡ್ಡಿಗಳ ಚಕ್ರಕ್ಕೆ, ಉದ್ದನೆಯ ಮೂತಿಗೆ. ಆ ಮೂತಿಯ ಅಡಿಯಲ್ಲಿರುವ ಎರಡು ಉಕ್ಕಿನ ತೊಲೆಗಳನ್ನು ಬಗ್ಗಿ ನೋಡುವವರು ಕಡಿಮೆ. ಆದರೆ ಮುಂದಿನಿಂದ ಪೆಟ್ಟು ತಿಂದ ಕಾರಿನ ಭವಿಷ್ಯ ತೀರ್ಮಾನವಾಗುವುದು ಅಲ್ಲಿಯೇ. ನುಜ್ಜಾದ ಮಡ್‌ಗಾರ್ಡನ್ನು ಟಿಂಕರಿಂಗ್‌ನವರು ತಟ್ಟಿ ಸರಿ ಮಾಡುತ್ತಾರೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಗುರುತೇ ಸಿಗುವುದಿಲ್ಲ. ಚಾಸಿಯ ಮುಂಭಾಗ ಅರ್ಧ ಇಂಚು ಸರಿದಿದ್ದರೆ ಮಾತ್ರ ಯಾವ ಬಣ್ಣವೂ ಅದನ್ನು ಮುಚ್ಚಲಾರದು, ಸ್ಟೇರಿಂಗ್ ಹಿಡಿದವರ ಕೈಗೆ ಅದು ತಿಳಿದೇ ತಿಳಿಯುತ್ತದೆ. ಇಂಥ ಚಾಸಿಯನ್ನು ಕಿತ್ತೆಸೆದು ಹೊಸದು ಹಾಕುವ ಬದಲು ಆದಷ್ಟೂ ಅದನ್ನೇ ನೇರ ಮಾಡಿ ಉಳಿಸಿಕೊಳ್ಳಬೇಕು ಎನ್ನುವುದು ಈ ಲೇಖನದ ವಾದ. ಅದಕ್ಕೆ ಬೇಕಾದ ಕೈಚಳಕಕ್ಕಾಗಿ ವಿದೇಶಕ್ಕೆ ಮುಖ ಮಾಡಬೇಕಿಲ್ಲ. ನೆಲಮಂಗಲ, ಹೊಸಕೋಟೆಯ ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳ ಕೆಲಸದಲ್ಲೇ ಅದರ ಬೇರು ಇದೆ.

ಉದಾಹರಣೆಗೆ 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿ ಟಿಸಿ ಕಾರನ್ನು ನೋಡಿ. ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಮರದ ಚೌಕಟ್ಟು, ಚೌಕಟ್ಟಿಗೆ ಹೊದಿಸಿದ ತಗಡು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 94 ಇಂಚು. ಮುಂದಿನ ಪಟ್ಟಾ ಸ್ಪ್ರಿಂಗುಗಳು ಚಾಸಿಯ ಮೂತಿಯಲ್ಲೇ ಪಿನ್ನಿನಿಂದ ಕಚ್ಚಿಕೊಂಡಿರುತ್ತವೆ, ಅವುಗಳ ಹಿಂತುದಿ ಮಾತ್ರ ಹಿಂದೆ ಮುಂದೆ ಆಡಲು ಬಿಡುವು ಪಡೆದಿರುತ್ತದೆ. ಹಾಗಾಗಿ ಎಡಗಡೆಯ ಮೂತಿಗೆ ಪೆಟ್ಟು ಬಿದ್ದರೆ ಆ ಕಡೆಯ ಆಕ್ಸಲ್ ಹಿಂದೆ ಸರಿಯುತ್ತದೆ. ಎಡ ಚಕ್ರಗಳ ನಡುವಿನ ದೂರ ಒಂದಾದರೆ ಬಲದ್ದು ಇನ್ನೊಂದಾಗುತ್ತದೆ. ಮೂತಿ ಮೇಲಕ್ಕೋ ಕೆಳಕ್ಕೋ ಬಾಗಿದರೆ ಪಟ್ಟಾ ಕೂತ ಓರೆ ಬದಲಾಗಿ, ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕೆಡುತ್ತದೆ. ಟೋ-ಇನ್, ಅಂದರೆ ಮುಂದಿನ ಚಕ್ರಗಳು ಒಳಮುಖವಾಗಿ ತಿರುಗಿರುವ ಅಳತೆ, ಆದರೆ ರಾಡ್ ತಿರುಗಿಸಿ ಸರಿಮಾಡಬಹುದು. ಈ ಓರೆಗೆ ಅಂಥ ತಿರುಪು ಇಲ್ಲ, ಚಾಸಿಯೇ ಸರಿಯಾಗಬೇಕು. ಅಲೈನ್‌ಮೆಂಟ್ ಯಂತ್ರದ ಮೇಲೆ ಮತ್ತೆ ಮತ್ತೆ ಹತ್ತಿಸಿದರೂ ಕಾರು ಒಂದೇ ಕಡೆ ಎಳೆಯುತ್ತಿದ್ದರೆ ಅನುಮಾನ ಹೋಗಬೇಕಾದದ್ದು ಇಲ್ಲಿಗೆ.

ಆದ್ದರಿಂದ ಈ ಕಸುಬಿನಲ್ಲಿ ಅಳತೆ ಮೊದಲು, ಸುತ್ತಿಗೆ ಆಮೇಲೆ. ಮನೆಗೆ ಪಾಯ ಗುರುತು ಮಾಡುವಾಗ ಗಾರೆಯವರು ಮೂಲೆಮಟ್ಟ ಹಿಡಿದು, ಮೂಲೆಯಿಂದ ಮೂಲೆಗೆ ದಾರ ಎಳೆದು, ಎರಡೂ ಕರ್ಣ ಸಮನಾಗಿವೆಯೇ ಎಂದು ನೋಡುತ್ತಾರಲ್ಲ, ಚಾಸಿಯ ಲೆಕ್ಕವೂ ಅದೇ. ಬಾಡಿ ಇಳಿಸಿದ ಚಾಸಿಯನ್ನು ಸಮತಟ್ಟಾದ ನೆಲದ ಮೇಲೆ ನಾಲ್ಕು ಸ್ಟ್ಯಾಂಡಿನಲ್ಲಿ ಕೂರಿಸಿ, ಪಟ್ಟಾದ ಪಿನ್ನುಗಳು, ಅಡ್ಡ ತೊಲೆಯ ರಿವೆಟ್ಟುಗಳು, ಎಂಜಿನ್ ಕೂರುವ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಚುಕ್ಕೆ ಇಡಬೇಕು. ನಂತರ ಚುಕ್ಕೆಯಿಂದ ಚುಕ್ಕೆಗೆ ಅಡ್ಡಡ್ಡ ಅಳೆಯಬೇಕು. ಪಕ್ಕಕ್ಕೆ ವಾಲಿದ್ದು, ಒಂದು ತೊಲೆ ಇನ್ನೊಂದಕ್ಕಿಂತ ಹಿಂದೆ ಸರಿದಿದ್ದು ಆ ನಕ್ಷೆಯಲ್ಲೇ ಹೊರಬೀಳುತ್ತವೆ. ತಿರುಚಿದ್ದನ್ನು ಹಿಡಿಯಲು ನೆಲದಿಂದ ಎತ್ತರವನ್ನೂ ಅಳೆಯಬೇಕು. ಇಷ್ಟು ಮಾಡದೆ ಜಾಕಿ ಕೊಟ್ಟವರು ಒಂದು ಬಾಗನ್ನು ತೆಗೆಯಲು ಹೋಗಿ ಇನ್ನೊಂದನ್ನು ಹುಟ್ಟಿಸುತ್ತಾರೆ.

ತುಮಕೂರು ರಸ್ತೆಯೂ ಹಾಸನ ರಸ್ತೆಯೂ ಕವಲೊಡೆಯುವ ನೆಲಮಂಗಲ, ಕೋಲಾರದ ದಾರಿಯ ಹೊಸಕೋಟೆ ಲಾರಿಗಳ ಊರುಗಳು. 1998ರಲ್ಲಿ ವೋಲ್ವೊ ತನ್ನ ಟ್ರಕ್ ಕಾರ್ಖಾನೆ ತೆರೆದದ್ದೂ ಹೊಸಕೋಟೆಯಲ್ಲೇ. ಲಾರಿಯದೂ ಏಣಿ ಚಾಸಿಯೇ. ಭಾರ ಹೊತ್ತು, ಡಿಕ್ಕಿ ಹೊಡೆದು ಬಾಗಿದ ತೊಲೆಗೆ ಸರಪಳಿ ಬಿಗಿದು, ಹೈಡ್ರಾಲಿಕ್ ಜಾಕಿ ಕೊಟ್ಟು ನೇರ ಮಾಡುವವರಿಗೆ ಉಕ್ಕಿನ ಸ್ವಭಾವ ಚೆನ್ನಾಗಿ ಗೊತ್ತು. ಒತ್ತಡ ಬಿಟ್ಟ ಕೂಡಲೇ ಉಕ್ಕು ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೇ ಬೇಕಾದ ಅಳತೆಗಿಂತ ತುಸು ಹೆಚ್ಚು ಎಳೆದು ಬಿಡಬೇಕು. ಸಾಧ್ಯವಾದಷ್ಟೂ ತಣ್ಣಗೇ ಎಳೆಯಬೇಕು. ಮಡಿಕೆ ಬಿದ್ದಲ್ಲಿ ಬಿಸಿ ಕೊಡಲೇಬೇಕಾದರೆ ಮಿತವಾಗಿ ಕೊಟ್ಟು, ನೀರು ಸುರಿಯದೆ ಗಾಳಿಯಲ್ಲೇ ಆರಲು ಬಿಡಬೇಕು. ಬಲಕ್ಕೆಂದು ಇನ್ನೊಂದು ಪಟ್ಟಿ ಬೆಸೆಯುವಾಗ ಅದರ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ತೊಲೆಗೆ ಅಡ್ಡಲಾಗಿ ನೆಟ್ಟಗೆ ವೆಲ್ಡಿಂಗ್ ಎಳೆದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಏಳುತ್ತದೆ. ಇದು ಪುಸ್ತಕ ಓದಿ ಬರುವ ಜಾಣ್ಮೆಯಷ್ಟೇ ಅಲ್ಲ, ಮುರಿದದ್ದನ್ನು ಹತ್ತಾರು ಸಲ ಕೂಡಿಸಿದ ಕೈಗೆ ಬರುವಂಥದ್ದು. ಲಾರಿಯ ತೊಲೆ ದಪ್ಪ, ಟಿಸಿಯದು ತೆಳು. ಅಲ್ಲಿ ಕಾಲು ಇಂಚು ನಡೆದೀತು, ಇಲ್ಲಿ ನಡೆಯದು. ಆದರೆ ಅಳತೆಯ ಬಿಗಿಯನ್ನು ಕಲಿಸುವುದು ಸುಲಭ, ಕೈಯ ಹದ ಕಲಿಸುವುದು ಕಷ್ಟ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಕಾನೂನಿನದು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ, ನಾಲ್ಕು ಚಕ್ರ ವಾಹನಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ; ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಷರತ್ತೆಂದರೆ ವಾಹನ ಮೂಲ ಸ್ವರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳ ಮಾರ್ಪಾಡೂ ಸೇರಿದಂತೆ ಭಾರೀ ಬದಲಾವಣೆ ಆಗಿರಬಾರದು. ಹಾಗಿದ್ದರೆ ಚಾಸಿಗೆ ಕೈ ಹಚ್ಚುವುದೇ ತಪ್ಪಲ್ಲವೇ ಎಂದು ಕೇಳಬಹುದು. ಅಲ್ಲ. ತಯಾರಕರು ಇಟ್ಟ ಅಳತೆಗೆ ಮರಳಿಸುವುದು ದುರಸ್ತಿ, ಆ ಅಳತೆಯನ್ನು ಬದಲಿಸುವುದು ಮಾರ್ಪಾಡು. ನಿಜಕ್ಕೂ ಈ ಷರತ್ತು ನೇರ ಮಾಡುವ ಕಸುಬಿನ ಪರವಾಗಿಯೇ ಇದೆ, ಏಕೆಂದರೆ ಹೊಸ ಚಾಸಿ ಹಾಕಿಸಿದ ಕಾರೇ ಮೂಲ ಸ್ವರೂಪದಿಂದ ಹೆಚ್ಚು ದೂರ ಹೋಗಿರುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಒಪ್ಪಿದ ಟೂರಿನ್ ಸನ್ನದು ಕೂಡ ಹಳೆಯ ವಸ್ತುವನ್ನು ಆದಷ್ಟೂ ಉಳಿಸಿಕೊಳ್ಳುವ, ಮಾಡಿದ ಕೆಲಸವನ್ನು ದಾಖಲಿಸುವ ಪಕ್ಷದ್ದು. ದುರಸ್ತಿಗೆ ಮುಂಚಿನ ಅಳತೆ, ನಂತರದ ಅಳತೆ, ಎರಡರ ಫೋಟೊ ಕಡತದಲ್ಲಿದ್ದರೆ ಆರ್‌ಟಿಒ ಕಚೇರಿಯಲ್ಲಿ ಕಾರಿನ ಪರವಾಗಿ ಮಾತಾಡಲು ಆಧಾರವಿರುತ್ತದೆ.

ಎರಡನೆಯ ಆಕ್ಷೇಪ ಜೀವದ ಪ್ರಶ್ನೆಯದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ದಶಕಗಳ ಕಾಲ ದುಡಿದು, ಒಮ್ಮೆ ಬಾಗಿ, ಮತ್ತೆ ನೇರವಾದ ಉಕ್ಕನ್ನು ನಂಬುವುದು ಹೇಗೆ? ನಂಬಿಕೆಯ ಮೇಲೆ ಬಿಡಬೇಕಿಲ್ಲ, ಪರೀಕ್ಷೆ ಮಾಡಬಹುದು. ಬಣ್ಣ, ತುಕ್ಕು ಕೆರೆದು ಕೆಂಪು ದ್ರವ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಕೂದಲೆಳೆಯಷ್ಟು ಬಿರುಕೂ ಕೆಂಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ತುಕ್ಕು ತಿಂದು ತೆಳುವಾದ ಭಾಗವನ್ನು ನೇರ ಮಾಡಬಾರದು, ಅಷ್ಟನ್ನೇ ಕತ್ತರಿಸಿ ಹೊಸ ಉಕ್ಕು ಕೂಡಿಸಬೇಕು. ಇನ್ನು ಬದಲಾಯಿಸುವುದೇ ಸರಿ ಎನ್ನುವ ಕಾರುಗಳೂ ಉಂಟು. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನ ಮುಂಭಾಗದಲ್ಲಿ ತೊಲೆಗಳಿಲ್ಲ. ಎಂಜಿನ್ ಹೊರುವುದು ತೆಳು ಚೌಕ ಕೊಳವೆಗಳನ್ನು ಬೆಸೆದು, ಬಾಡಿಗೆ ಬೋಲ್ಟ್ ಹಾಕಿ ಕೂರಿಸಿದ ಪಂಜರ. ಕೊಳವೆಯೊಳಗಿನ ತುಕ್ಕು ಹೊರಗೆ ಕಾಣದು, ಬಾಗಿದ ತೆಳು ಕೊಳವೆ ಮತ್ತೆ ಹಿಂದಿನ ಬಲಕ್ಕೆ ಬಾರದು. ಬಿಚ್ಚಿ ಬದಲಿಸಲೆಂದೇ ಬೋಲ್ಟ್ ಕೊಟ್ಟಿರುವಾಗ ಅಲ್ಲಿ ಹಳೆಯದಕ್ಕೇ ಜೋತುಬೀಳುವುದು ಹಟವಾಗುತ್ತದೆ.

ಈ ಕಸುಬಿಗೆ ನಮ್ಮದೇ ಕಾರೊಂದು ಕಾಯುತ್ತಿದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ. 848 ಸಿಸಿ ಎಂಜಿನ್, ಫೈಬರ್ ಬಾಡಿ, ಅಡಿಯಲ್ಲಿ ಉಕ್ಕಿನ ಚಾಸಿ. ಹಗುರಾದ ಮೈಯಿಂದಾಗಿ ಶೋಲಾವರಂ ರೇಸುಗಳಲ್ಲೂ ಓಡಿ ಹೆಸರು ಮಾಡಿತು. ಪೆಟ್ಟು ಬಿದ್ದರೆ ಫೈಬರ್ ಒಡೆಯುತ್ತದೆ, ಅದನ್ನು ಮೆತ್ತಿ ನುಣುಪು ಮಾಡಿದ ಮೇಲೆ ಒಳಗಿನ ಚಾಸಿ ಬಾಗಿದ್ದು ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತುಕ್ಕು ಹಿಡಿಯದ ಮೈ ತುಕ್ಕು ಹಿಡಿಯುವ ಎಲುಬನ್ನು ಮುಚ್ಚಿಟ್ಟುಕೊಂಡಿರುವ ಕಾರು ಅದು. ನಿಯಮದ ಲೆಕ್ಕದಲ್ಲಿ ಮೊದಲ ಡಾಲ್ಫಿನ್‌ಗಳು ವಿಂಟೇಜ್ ಆಗುವುದು 2032ರಲ್ಲಿ. ಪೆಟ್ಟು ತಿನ್ನದ ಒಂದು ಡಾಲ್ಫಿನ್ ಸಿಕ್ಕರೂ ಸಾಕು, ಅದನ್ನು ಈಗಲೇ ಸ್ಟ್ಯಾಂಡಿನ ಮೇಲೆ ಕೂರಿಸಿ, ತೂಗುಗುಂಡು ಇಳಿಬಿಟ್ಟು, ಚುಕ್ಕೆಯಿಂದ ಚುಕ್ಕೆಗೆ ಅಳೆದು ಬರೆದಿಡಬೇಕು. ಬಾಗಿದ ಉಳಿದವುಗಳನ್ನು ನೇರ ಮಾಡುವವರಿಗೆ ನಾಳೆ ಬೇಕಾಗುವುದು ಆ ಒಂದು ಹಾಳೆ.