ಬಿಸಿಲುಕೋಣೆಗೆ ಒಲೆ ಬೇಡ

ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತ ಖಗೋಳ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಸುಮಾರು 4500 ಮೀಟರ್ ಎತ್ತರದ ಆ ಬೋಳುಗುಡ್ಡವನ್ನು ಆರಿಸಿಕೊಂಡದ್ದು ಅಲ್ಲಿನ ಆಕಾಶಕ್ಕಾಗಿ. ಮೋಡ ಕಡಿಮೆ, ಗಾಳಿಯಲ್ಲಿ ತೇವ ಇನ್ನೂ ಕಡಿಮೆ. ಹಗಲಲ್ಲಿ ಈ ಆಕಾಶ ಬಿಸಿಲನ್ನು ಹೆಚ್ಚು ಸೋಸದೆ ಕೆಳಗಿಳಿಸುತ್ತದೆ. ರಾತ್ರಿಯಾದರೆ ನೆಲದ, ಸೂರಿನ, ಗೋಡೆಯ ಶಾಖವನ್ನೆಲ್ಲ ತಡೆಯಿಲ್ಲದೆ ಮೇಲಕ್ಕೆ ಬಿಟ್ಟುಕೊಡುತ್ತದೆ. ಇದೇ ಲಡಾಖಿನ 3500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಜನವರಿಯ ಮಧ್ಯಾಹ್ನ ಗಾಳಿ ಬೀಸದ ಮೂಲೆಯಲ್ಲಿ ಬಿಸಿಲಿಗೆ ಕೂತವರಿಗೆ ಕೋಟು ಭಾರವೆನಿಸೀತು. ಅದೇ ರಾತ್ರಿ ಪಾದರಸ ಸೊನ್ನೆಗಿಂತ 15–20 ಡಿಗ್ರಿ ಕೆಳಗೆ ಇಳಿಯಬಹುದು.

ಲೇಹ್‌ನಲ್ಲಿ ಮನೆ ಕಟ್ಟುವವರು, ಹಳೆಯ ಮನೆ ದುರಸ್ತಿ ಮಾಡಿಸುವವರು, ದಕ್ಷಿಣದ ಗೋಡೆಗೆ ಆನಿಸಿ ಒಂದು ಗಾಜಿನ ಕೋಣೆ ಸೇರಿಸುವುದುಂಟು. ಅಲ್ಲಿನವರ ಬಾಯಲ್ಲಿ ಅದು ಶೆಲ್‌ಖಾಂಗ್. ಶೋಕಿಗಿಂತ ಇಂಧನದ ಚಿಂತೆ ಇದರ ಹಿಂದಿದೆ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಕಾಡಿಲ್ಲ. ಕಾಲುವೆಯ ಪಕ್ಕ ನೆಟ್ಟು ಬೆಳೆಸಿದ ಪಾಪ್ಲರ್, ವಿಲ್ಲೋ ಮರಗಳೇ ಗತಿ, ಅವೂ ತೊಲೆಗೆ, ಸೂರಿಗೆ ಬೇಕು. ಬುಖಾರಿಗೆ, ಅಂದರೆ ಚಳಿಗಾಲದ ಕಬ್ಬಿಣದ ಒಲೆಗೆ, ಬೀಳುವುದು ಬೆರಣಿ, ಚೂರುಪಾರು ಸೌದೆ, ಇಲ್ಲವೇ ಬೆಟ್ಟ ಹತ್ತಿಸಿ ಲಾರಿಯಲ್ಲಿ ತಂದ ಸೀಮೆಎಣ್ಣೆ. ಕೆಲವು ಚದರ ಮೀಟರ್ ಗಾಜಿನಿಂದ ಇದರಲ್ಲಿ ಒಂದಷ್ಟು ಉಳಿದರೂ ಲಾಭವೇ. ಆದರೆ ಹೀಗೆ ಸೇರಿಸಿದ ಕೋಣೆ ಶಾಖ ಉಳಿಸುವ ಬದಲು ಸೋರಿಸುವುದೂ ಉಂಟು. ತಪ್ಪು ಎಲ್ಲಾಗುತ್ತದೆ ಎಂದು ತಿಳಿಯಲು ಸ್ವಲ್ಪ ಭೌತವಿಜ್ಞಾನ ಬೇಕು, ಸ್ವಲ್ಪ ಕೂಡು-ಕಳೆ ಲೆಕ್ಕ ಬೇಕು.

ಹೊರಗೆ ಅಷ್ಟು ಚಳಿಯಿರುವಾಗ ಬಿಸಿಲಿನಿಂದ ಕೋಣೆ ಬೆಚ್ಚಗಾದೀತೇ? ಜಿನೀವಾದ ಒರಾಸ್ ಬೆನೆಡಿಕ್ಟ್ ಡಿ ಸೋಸ್ಯೂರ್ ಈ ಅನುಮಾನವನ್ನು ಹದಿನೆಂಟನೆಯ ಶತಮಾನದಲ್ಲೇ ಪರೀಕ್ಷೆಗೆ ಒಡ್ಡಿದ್ದ. 1767ರಲ್ಲಿ ಅವನು ಗಾಜಿನ ಹಲವು ಪದರಗಳಿದ್ದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ನೋಡಿದ. ಮುಂದೆ ಸುಧಾರಿಸಿದ ಪೆಟ್ಟಿಗೆಯೊಂದನ್ನು ಆಲ್ಪ್ಸ್‌ನ ಕ್ರಾಮಾಂ ಬೆಟ್ಟಕ್ಕೆ ಹೊತ್ತೊಯ್ದ. ತುದಿಯಲ್ಲಿ ಗಾಳಿ ಕಣಿವೆಗಿಂತ ಎಷ್ಟೋ ತಣ್ಣಗಿತ್ತು. ಪೆಟ್ಟಿಗೆಯೊಳಗಿನ ಬಿಸಿ ಮಾತ್ರ ಹೆಚ್ಚುಕಡಿಮೆ ಕಣಿವೆಯಲ್ಲಿದ್ದಷ್ಟೇ. ಪೆಟ್ಟಿಗೆಯೊಳಗೆ ಬರುವುದು ಬಿಸಿಲೇ ಹೊರತು ಹೊರಗಿನ ಗಾಳಿಯಲ್ಲ. ಎತ್ತರಕ್ಕೆ ಹೋದಷ್ಟೂ ಆ ಬಿಸಿಲು ಬಲಗೊಳ್ಳುತ್ತದೆ. ಲೇಹ್‌ನ ಗಾಜುಕೋಣೆಗೆ ಬುನಾದಿ ಇದೇ.

ಗಾಜು ಬೆಳಕನ್ನು ಒಳಬಿಟ್ಟು ಶಾಖದ ಕಿರಣವನ್ನು ತಡೆಯುವುದರಿಂದ ಕೋಣೆ ಬಿಸಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸುಳ್ಳಲ್ಲ, ಆದರೆ ಅದು ಕಥೆಯ ಸಣ್ಣ ಭಾಗ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ ಒಂದಕ್ಕೆ ಗಾಜಿನ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳ ಹಾಕಿದ. ಕಲ್ಲುಪ್ಪು ಶಾಖದ ಕಿರಣವನ್ನು ತಡೆಯುವುದಿಲ್ಲ. ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಿಸಿಯಾದವು. ಮುಚ್ಚಳದ ಮುಖ್ಯ ಕೆಲಸ ಕಾದ ಗಾಳಿ ಎದ್ದು ಹೋಗದಂತೆ ಕೂಡಿಹಾಕುವುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದರೆ ಒಳಗಿನ ಧಗೆ ಇಳಿಯುವುದು ಇದಕ್ಕೇ. ಕೋಣೆ ಕಟ್ಟಿಸುವವರಿಗೆ ಇದರಿಂದ ಸಿಗುವ ಬುದ್ಧಿಮಾತು ಸರಳ: ದುಬಾರಿ ಗಾಜಿಗೆ ದುಡ್ಡು ಸುರಿಯುವ ಮೊದಲು ಚೌಕಟ್ಟಿನ ಸಂದುಗೊಂದು ಮುಚ್ಚಿಸಿ.

ಇನ್ನು ಲೆಕ್ಕ. 16 ಅಡಿ ಅಗಲ, 8 ಅಡಿ ಎತ್ತರದ ಒಂಟಿ ಗಾಜಿನ ಮುಖ ಎಂದುಕೊಳ್ಳೋಣ, ಸುಮಾರು 12 ಚದರ ಮೀಟರ್. ಡಿಸೆಂಬರಿನ ನಿರ್ಮಲ ಮಧ್ಯಾಹ್ನ ದಕ್ಷಿಣಕ್ಕೆ ಮುಖಮಾಡಿ ನೆಟ್ಟಗೆ ನಿಂತ ಗಾಜಿನ ಮೇಲೆ ಲೇಹ್‌ನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 800 ವ್ಯಾಟ್ ಬೀಳುತ್ತದೆ. ಪ್ರತಿಫಲಿಸಿದ್ದನ್ನು ಕಳೆದರೂ ಇಡೀ ದಿನಕ್ಕೆ 35–40 ಯೂನಿಟ್ ಶಾಖ ಒಳಗೆ ಬಂತೆನ್ನಿ. ಕರೆಂಟ್ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ಹಗಲಲ್ಲೇ ಗಾಜಿನ ಮೂಲಕ ಹತ್ತು ಹನ್ನೆರಡು ಯೂನಿಟ್ ಹೊರಗೆ ಹೋಗುತ್ತದೆ. ಕೈಯಲ್ಲಿ ಉಳಿದದ್ದು 25ರ ಆಸುಪಾಸು.

ಈಗ ರಾತ್ರಿ. ಡಿಸೆಂಬರಿನಲ್ಲಿ ಅಲ್ಲಿ 14 ಗಂಟೆಗಳ ರಾತ್ರಿ. ಒಂಟಿ ಗಾಜಿನ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 5.8 ವ್ಯಾಟ್ ಸೋರುತ್ತದೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದೆ, ಮನೆಯವರು ಕೋಣೆಯಲ್ಲೊಂದು ಬುಖಾರಿ ಹಚ್ಚಿ 10 ಡಿಗ್ರಿ ಕಾಯ್ದುಕೊಂಡರು ಎನ್ನಿ. ಬೆಳಗಾಗುವಷ್ಟರಲ್ಲಿ 24 ಯೂನಿಟ್ ಹೋಯಿತು. ಸೂರ್ಯ ಕೊಟ್ಟದ್ದೆಲ್ಲ ಮುಗಿಯಿತು. ಮೋಡ ಕವಿದ ದಿನವಾದರೆ ಕೈಯಿಂದಲೇ ಹೋಯಿತು. ಜೋಡಿ ಗಾಜು ಹಾಕಿದರೆ ಸೋರಿಕೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಸರಿ. ಆದರೆ ಒಳ್ಳೆಯ ಶಾಖನಿರೋಧಕ ತುಂಬಿದ ಗೋಡೆ ಒಂಟಿ ಗಾಜಿನ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ಸೋರಿಸುತ್ತದೆ. ಗಾಜು ಎಷ್ಟೇ ಒಳ್ಳೆಯದಾದರೂ ರಾತ್ರಿ ಅದು ಗೋಡೆಯಾಗಲಾರದು.

ಆದ್ದರಿಂದ ನನ್ನ ಮಾತು ಇಷ್ಟೇ: ಬಿಸಿಲುಕೋಣೆ ರಾತ್ರಿ ತಣ್ಣಗಾಗಲಿ, ಬಿಟ್ಟುಬಿಡಿ. ಹಗಲು ಅದು ಮನೆಯ ಭಾಗ, ಸಂಜೆಯ ಮೇಲೆ ಅಂಗಳ. ಅದಕ್ಕೂ ಮನೆಗೂ ನಡುವಿನ ಹಳೆಯ ಹೊರಗೋಡೆಯನ್ನು ಒಡೆದು ದೊಡ್ಡ ಹಜಾರ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಕೆಡುವುದು ಅಲ್ಲೇ. ಇಂಗ್ಲೆಂಡಿನ ಕಟ್ಟಡ ನಿಯಮಗಳೂ ಇಂಥ ಗಾಜುಕೋಣೆಗೆ ವಿನಾಯಿತಿ ಕೊಡಬೇಕಾದರೆ ನಡುವೆ ಹೊರಬಾಗಿಲಿನಷ್ಟೇ ಗಟ್ಟಿ ಬಾಗಿಲಿರಬೇಕು, ಮನೆಯ ಹೀಟರ್ ಕೊಳವೆ ಆ ಕಡೆಗೆ ಚಾಚಬಾರದು ಎನ್ನುತ್ತವೆ.

ಆ ನಡುಗೋಡೆಯೇ ನಿಜವಾದ ಯಂತ್ರ. ಮಣ್ಣಿನದಾದರೆ ಇನ್ನೂ ಒಳ್ಳೆಯದು. ಬಿಸಿಲು ತಾಗುವ ಮುಖಕ್ಕೆ ಗಾಢ ಬಣ್ಣ ಬಳಿದರೆ ಅದು ಹಗಲೆಲ್ಲ ಶಾಖ ಕುಡಿಯುತ್ತದೆ. ಒಂದಡಿ ದಪ್ಪದ ಮಣ್ಣಿನ ಗೋಡೆ ದಾಟಲು ಶಾಖದ ಅಲೆಗೆ ಸುಮಾರು 9–10 ಗಂಟೆ ಬೇಕು. ಮಧ್ಯಾಹ್ನ ಒಂದಕ್ಕೆ ಹೊರಟದ್ದು ರಾತ್ರಿ ಹತ್ತು, ಹನ್ನೊಂದಕ್ಕೆ ಮಲಗುವ ಕೋಣೆ ತಲುಪುತ್ತದೆ, ಅಲೆಯ ಬಲ ಕುಗ್ಗಿದ್ದರೂ ಬೇಕಾದ ಹೊತ್ತಿಗೆ. ತಕ್ಷಣದ ಬಿಸಿ ಬೇಕೆನ್ನುವವರು ಗೋಡೆಯ ಮೇಲೊಂದು, ಕೆಳಗೊಂದು ಗವಾಕ್ಷಿ ಕೊರೆಸುತ್ತಾರೆ. ಕಾದ ಗಾಳಿ ಮೇಲಿನಿಂದ ಮನೆಯೊಳಗೆ ನುಗ್ಗುತ್ತದೆ, ನೆಲದ ತಣ್ಣನೆ ಗಾಳಿ ಕೆಳಗಿನಿಂದ ಗಾಜಿನ ಕಡೆಗೆ ಬರುತ್ತದೆ, ಫ್ಯಾನಿನ ಹಂಗಿಲ್ಲ. ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ಎರಡನ್ನೂ ಮುಚ್ಚಬೇಕು. ಮರೆತರೆ ಇದೇ ಸುತ್ತು ತಿರುಗಿ ನಡೆದು, ಗಾಜಿಗೆ ತಾಗಿ ತಣಿದ ಗಾಳಿ ರಾತ್ರಿಯಿಡೀ ಕೆಳಗಿನ ಗವಾಕ್ಷಿಯಿಂದ ಒಳಗೆ ಹರಿಯುತ್ತದೆ.

ಲೇಹ್ ಸಮೀಪದ ಫೇ ಗ್ರಾಮದ ಬಳಿ ಸೆಕ್ಮಾಲ್ ಎಂಬ ಶಿಕ್ಷಣ ಸಂಸ್ಥೆಯ ಆವರಣವಿದೆ. ಆ ಸಂಸ್ಥೆ ಸೋನಮ್ ವಾಂಗ್ಚುಕ್ ಮತ್ತಿತರರು 1988ರಲ್ಲಿ ಹುಟ್ಟುಹಾಕಿದ್ದು. ದಕ್ಷಿಣಕ್ಕೆ ತೆರೆದ ಆವರಣದ ಮಣ್ಣಿನ ಕಟ್ಟಡಗಳಲ್ಲಿ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದಾಗಲೂ, ಒಳಗೆ 15 ಡಿಗ್ರಿಯ ಆಸುಪಾಸು ಇರುತ್ತದೆಂದು ಅಲ್ಲಿನವರು ಹೇಳುತ್ತಾರೆ. ಆ ಭಾಗದ ಹಲವು ಮನೆಗಳಲ್ಲಿ ಗಾಜಿನ ಬದಲು ಮರದ ಚೌಕಟ್ಟಿಗೆ ಪಾಲಿಥೀನ್ ಹಾಳೆ ಬಿಗಿದಿರುತ್ತಾರೆ. ಚಳಿಗಾಲ ಕಳೆದರೆ ಸುರುಳಿ ಸುತ್ತಿ ಎತ್ತಿಡುತ್ತಾರೆ, ಬೇಸಿಗೆಯ ಸೆಕೆಯ ಸಮಸ್ಯೆಯೇ ಇಲ್ಲ. ನೋಡಲು ಅಂದವಿಲ್ಲ, ಆದರೆ ಇದಕ್ಕಿಂತ ಜಾಣ ಬಿಸಿಲುಕೋಣೆ ನನಗೆ ಗೊತ್ತಿಲ್ಲ.

ಗಾಜಿನ ಸೂರು ಹಾಕಿಸುವುದು ಇನ್ನೊಂದು ದೊಡ್ಡ ಎಡವಟ್ಟು. ಫೋಟೋದಲ್ಲಿ ಚೆನ್ನ. ಲೇಹ್ ಇರುವುದು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಡಿಸೆಂಬರ್ 21ರ ನಡುಹಗಲು ಸೂರ್ಯ ಕ್ಷಿತಿಜದಿಂದ 32 ಡಿಗ್ರಿಯಷ್ಟೇ ಮೇಲಿರುತ್ತಾನೆ, ಜೂನ್ 21ಕ್ಕೆ 79. ಅಂದರೆ ಗಾಜಿನ ಸೂರು ಬಿಸಿಲು ಬೇಕಾದಾಗ ಕಡಿಮೆ, ಬೇಡವಾದಾಗ ಧಾರಾಳವಾಗಿ ಹಿಡಿಯುತ್ತದೆ. ರಾತ್ರಿಯಲ್ಲೋ ಅದು ಹಾನ್ಲೆಯ ದೂರದರ್ಶಕದಂತೆ ನೇರ ಆಕಾಶಕ್ಕೇ ಮುಖವೊಡ್ಡಿ ಶಾಖ ಕಳೆದುಕೊಳ್ಳುತ್ತದೆ. ಅದರ ಬದಲು ಬೇಕಾದದ್ದು ನೆಟ್ಟಗೆ ನಿಂತ ಗಾಜು, ಮೇಲೆ ಮುಚ್ಚಿದ ಸೂರು, ಸೂರಿಗೆ ಒಂದೂವರೆ ಅಡಿ ಚಾಚು. ಜೂನಿನ ನಡುಹಗಲು ಆ ಚಾಚಿನ ನೆರಳು ಹೆಚ್ಚುಕಡಿಮೆ ಎಂಟಡಿ ಇಳಿದು ಗಾಜನ್ನೆಲ್ಲ ಮುಚ್ಚುತ್ತದೆ. ಡಿಸೆಂಬರಿನಲ್ಲಿ ಮೇಲಿನ ಒಂದಡಿಯನ್ನಷ್ಟೇ.

ಕೋಣೆಯಲ್ಲಿ ಪಾಲಕ್, ಕೊತ್ತಂಬರಿ ಬೆಳೆಯುವವರಿಗೆ ಬೇರೆ ತಲೆನೋವು. ಗಿಡ ಬಿಟ್ಟ ಆವಿ ರಾತ್ರಿ ಗಾಜಿನ ಮೇಲೆ ಹನಿಗಟ್ಟಿ, ಹನಿ ಮಂಜುಗಟ್ಟಿ, ಬೆಳಗ್ಗೆ ಕರಗಿ ಮರದ ಚೌಕಟ್ಟನ್ನು ಕೊಳೆಯಿಸುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ತೆರೆದಿಟ್ಟು ತೇವ ಹೊರಹಾಕಬೇಕು, ಬಿಸಿಯೂ ಒಂದಿಷ್ಟು ಹೋಗುತ್ತದೆ. ಗಿಡಗಳ ರಕ್ಷಣೆಗೆ ಕಪ್ಪು ಡ್ರಮ್ಮುಗಳಲ್ಲಿ ನೀರಿಡಬಹುದು. ಅಷ್ಟೇ ಗಾತ್ರದ ಮಣ್ಣು ಅಥವಾ ಕಲ್ಲಿಗಿಂತ ನೀರು ಎರಡು ಮೂರು ಪಟ್ಟು ಶಾಖ ಹಿಡಿದಿಡುತ್ತದೆ. ಅದು ಹೆಪ್ಪುಗಟ್ಟತೊಡಗಿದರೂ ನಷ್ಟವಿಲ್ಲ, ಹೆಪ್ಪುಗಟ್ಟುವಾಗ ಪ್ರತಿ ಕಿಲೋ ನೀರು 334 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಡ್ರಮ್ಮನ್ನು ಕಂಠಮಟ್ಟ ತುಂಬದಿದ್ದರಾಯಿತು.

ಇದೆಲ್ಲ ಲೇಹ್‌ನ ಮಾತು. ಶ್ರೀನಗರವೂ ಅದೇ 34 ಡಿಗ್ರಿಯಲ್ಲಿದೆ, ಸೂರ್ಯ ಅಷ್ಟೇ ಎತ್ತರಕ್ಕೆ ಬರುತ್ತಾನೆ. ಆದರೆ ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯ ಚಿಲ್ಲೈ ಕಲಾನ್‌ನಲ್ಲಿ ಕಣಿವೆಗೆ ಮೋಡ, ಮಂಜಿನ ಕಾಟ ಹೆಚ್ಚು, ಅಲ್ಲಿ ಇದೇ ಕೋಣೆ ಇದೇ ಫಲ ಕೊಡದು. ಟೊರಾಂಟೊದಲ್ಲಿ ನೆಲೆಸಿದ ಕನ್ನಡಿಗರು ಮನೆಯ ಹಿಂಭಾಗಕ್ಕೆ ಇಂಥದ್ದೊಂದು ಸೇರಿಸುವ ಯೋಚನೆಯಲ್ಲಿದ್ದರೆ, ಅಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ 23 ಡಿಗ್ರಿ ದಾಟುವುದಿಲ್ಲ, ಎದುರುಮನೆಯ ಸೂರೇ ಅವನನ್ನು ಮರೆಮಾಡಬಹುದು. ಅಲ್ಲಿ ಗಾಜುಕೋಣೆ ಮಾರ್ಚಿನಲ್ಲಿ, ಅಕ್ಟೋಬರಿನಲ್ಲಿ ಕೂತು ಕಾಫಿ ಕುಡಿಯಲು ಸೊಗಸಾದ ಜಾಗ. ಹೀಟರ್ ಬಿಲ್ಲು ಇಳಿಯಬೇಕಿದ್ದರೆ ಆ ಹಣವನ್ನು ಮೊದಲು ಅಟ್ಟದ ಶಾಖನಿರೋಧಕಕ್ಕೆ ಹಾಕುವುದು ಮೇಲು.