ರೆಕಾರ್ಡು ಅಂಗಡಿ, ಡೈನರ್ ಊಟ: ನ್ಯೂಜೆರ್ಸಿಯ ಒಂದು ವಾರಾಂತ್ಯ

ಅಮೆರಿಕದ ಈಶಾನ್ಯ ಕರಾವಳಿಯ ಪುಟ್ಟ ರಾಜ್ಯವಾದ ನ್ಯೂಜೆರ್ಸಿಯನ್ನು ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯ ನಗರಗಳ ನಡುವಿನ ಹಾದಿಯೆಂದಷ್ಟೇ ಬಲ್ಲವರು ಹಲವರು. ಆದರೆ ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮರಳಿ ಕೇಳಿಸುವ ಯಂತ್ರ ಹುಟ್ಟಿದ್ದೂ, ಗ್ರಾಮಫೋನ್ ತಟ್ಟೆ ದೊಡ್ಡ ಉದ್ಯಮವಾಗಿ ಬೆಳೆದದ್ದೂ, ಡೈನರ್ ಎಂಬ ಅಮೆರಿಕದ ಜನಸಾಮಾನ್ಯರ ಊಟದ ಮನೆಗಳು ಕಾರ್ಖಾನೆಯಲ್ಲಿ ತಯಾರಾಗಿ ಊರೂರಿಗೆ ರವಾನೆಯಾದದ್ದೂ ಇದೇ ನೆಲದಲ್ಲಿ. ಹೀಗಾಗಿ ಹಳೆಯ ರೆಕಾರ್ಡುಗಳನ್ನು ಹುಡುಕುತ್ತ, ಆಯಾ ಋತುವಿನ ಬೆಳೆಯಿಂದ ಮಾಡಿದ ಡೈನರ್ ತಿನಿಸುಗಳನ್ನು ಸವಿಯುತ್ತ ಅಲ್ಲಿ ಕಳೆಯುವ ಎರಡು ದಿನಗಳು ಒಂದು ನಾಡಿನ ಕಾರ್ಖಾನೆಗಳ ಚರಿತ್ರೆಯನ್ನೂ ಹೊಲಗಳ ಚರಿತ್ರೆಯನ್ನೂ ಒಟ್ಟಿಗೆ ಅರಿಯುವ ಅವಕಾಶವಾಗುತ್ತವೆ.

ಥಾಮಸ್ ಆಲ್ವ ಎಡಿಸನ್ 1877ರಲ್ಲಿ, ಮೆನ್ಲೊ ಪಾರ್ಕ್ ಎಂಬಲ್ಲಿದ್ದ ತನ್ನ ಪ್ರಯೋಗಶಾಲೆಯಲ್ಲಿ, ತವರದ ತೆಳು ಹಾಳೆ ಸುತ್ತಿದ ಉರುಳೆಯ ಮೇಲೆ ಧ್ವನಿಯನ್ನು ಕೊರೆಯುವ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದನು. ಆ ಜಾಗವನ್ನು ಒಳಗೊಂಡ ಪಟ್ಟಣಕ್ಕೆ 1954ರಲ್ಲಿ ಅವನ ಹೆಸರನ್ನೇ ಇಡಲಾಯಿತು. ಇಂದು ಕನ್ನಡಿಗರೂ ಸೇರಿದಂತೆ ಸಾವಿರಾರು ಭಾರತೀಯ ಕುಟುಂಬಗಳು ನೆಲೆಸಿರುವ ಎಡಿಸನ್ ಊರು ಅದೇ. ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ಬಳಸುವ ಗ್ರಾಮಫೋನಿಗೆ ಜರ್ಮನಿಯಿಂದ ವಲಸೆ ಬಂದಿದ್ದ ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದನು. ಆ ಯಂತ್ರ ಒಂದೇ ವೇಗದಲ್ಲಿ ತಿರುಗುವಂತೆ ಸ್ಪ್ರಿಂಗ್ ಮೋಟಾರನ್ನು ಒದಗಿಸಿದ ಎಲ್ಡ್ರಿಜ್ ಜಾನ್ಸನ್ ಎಂಬ ಯಂತ್ರಶಿಲ್ಪಿ 1901ರಲ್ಲಿ ಕ್ಯಾಮ್ಡೆನ್ ಪಟ್ಟಣದಲ್ಲಿ ವಿಕ್ಟರ್ ಕಂಪನಿಯನ್ನು ಸ್ಥಾಪಿಸಿದನು. ಕೊಳವೆಯ ಬಾಯಿಗೆ ಕಿವಿಯೊಡ್ಡಿ ಕುಳಿತ ನಾಯಿಯ ಚಿತ್ರವನ್ನು ಎಚ್‌ಎಂವಿ ರೆಕಾರ್ಡುಗಳ ಮೇಲೆ ನೋಡುತ್ತ ಬೆಳೆದ ಕನ್ನಡದ ಹಿರಿಯರು ಅದೇ ನಾಯಿಯನ್ನು ಕ್ಯಾಮ್ಡೆನ್ನಿನ ವಿಕ್ಟರ್ ಕಟ್ಟಡದ ಗೋಪುರದಲ್ಲಿ, ಬಣ್ಣದ ಗಾಜಿನ ಕಿಟಕಿಗಳಲ್ಲಿ ಕಾಣಬಹುದು. ಕಾರ್ಖಾನೆಯಾಗಿದ್ದ ಆ ಕಟ್ಟಡದಲ್ಲಿ ಈಗ ವಾಸದ ಮನೆಗಳಿವೆ.

ಇದೇ ಕ್ಯಾಮ್ಡೆನ್ನಿನಲ್ಲಿ 1869ರಲ್ಲಿ ಆರಂಭವಾದ ಇನ್ನೊಂದು ಕಂಪನಿ ಡಬ್ಬಿಯ ಸೂಪಿಗೆ ಹೆಸರಾದ ಕ್ಯಾಂಬೆಲ್. ಬೇಸಿಗೆಯ ಕೊನೆಯಲ್ಲಿ ಸುತ್ತಲಿನ ಹೊಲಗಳ ಟೊಮೆಟೊ ಹೊತ್ತ ಗಾಡಿಗಳು ಅದರ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ರಟ್ಗರ್ಸ್ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನಿಗಳು ಈ ಕಂಪನಿಯ ತಳಿಯೊಂದನ್ನು ಬೇರೊಂದರೊಡನೆ ಸಂಕರಗೊಳಿಸಿ 1934ರಲ್ಲಿ ಬಿಡುಗಡೆ ಮಾಡಿದ ರಟ್ಗರ್ಸ್ ಟೊಮೆಟೊ ದಶಕಗಳ ಕಾಲ ರೈತರ ಮೆಚ್ಚಿನ ತಳಿಯಾಗಿತ್ತು. ಹಾಡಿನ ತಟ್ಟೆಯೂ ಟೊಮೆಟೊ ಸಾರೂ ಒಂದೇ ಊರಿನ ಕಾರ್ಮಿಕರ ಕೈಯಿಂದ ಹೊರಟು ದೇಶದ ಮನೆಮನೆಯನ್ನು ತಲುಪಿದ ಈ ಕಾಲವನ್ನು ನೆನೆದರೆ, ರೆಕಾರ್ಡು ಅಂಗಡಿಯನ್ನೂ ಋತುಮಾನದ ಊಟವನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದು ಎಷ್ಟು ಸಹಜವೆಂಬುದು ತಿಳಿಯುತ್ತದೆ.

ಅಂಗಡಿಗೆ ಹೋಗುವ ಮುನ್ನ ರೆಕಾರ್ಡುಗಳ ಬಗೆಗಳನ್ನು ತಿಳಿದಿರಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳನ್ನು ಬಹುಮಟ್ಟಿಗೆ ಅರಗಿನಿಂದ ಮಾಡುತ್ತಿದ್ದರು. ಅರಗಿನ ಹುಳುಗಳು ಸ್ರವಿಸುವ ಈ ರಾಳದ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೂರೈಕೆ ಕುಸಿದುದೂ ತಟ್ಟೆ ತಯಾರಕರು ವಿನೈಲ್ ಎಂಬ ಪ್ಲಾಸ್ಟಿಕ್ಕಿನತ್ತ ತಿರುಗಲು ಒಂದು ಕಾರಣವಾಯಿತು. ಕೊಲಂಬಿಯ ಕಂಪನಿ 1948ರಲ್ಲಿ ತಂದ, ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗುವ 12 ಇಂಚಿನ ವಿನೈಲ್ ತಟ್ಟೆಯೇ ಎಲ್‌ಪಿ. ಇದರ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ ಹಿಡಿಯುತ್ತದೆ. ಮರುವರ್ಷ ಆರ್‌ಸಿಎ ವಿಕ್ಟರ್ ಹೊರತಂದ, 45 ಸುತ್ತಿನ, ನಡುವೆ ದೊಡ್ಡ ತೂತಿರುವ 7 ಇಂಚಿನ ತಟ್ಟೆ ಬದಿಗೊಂದರಂತೆ ಹಾಡುಗಳನ್ನು ಹೊತ್ತು ಬಂದಿತು.

ವಿಶ್ವವಿದ್ಯಾಲಯದ ಊರಾದ ಪ್ರಿನ್ಸ್‌ಟನ್ನಿನಲ್ಲಿ 1980ರಲ್ಲಿ ಆರಂಭವಾದ ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜ್ ಈ ರಾಜ್ಯದ ಹೆಸರಾಂತ ಅಂಗಡಿಗಳಲ್ಲಿ ಒಂದು. ಇಂಥ ಕಡೆ ಸಂಗೀತದ ಪ್ರಕಾರಕ್ಕೆ ತಕ್ಕಂತೆ ವಿಂಗಡಿಸಿದ ತಟ್ಟೆಗಳನ್ನು ಕಲಾವಿದರ ಹೆಸರಿನ ಅಕ್ಷರಾನುಕ್ರಮದಲ್ಲಿ ತೊಟ್ಟಿಗಳಲ್ಲಿ ನಿಲ್ಲಿಸಿರುತ್ತಾರೆ. ಜನರು ಮಾರಿಹೋದ ಹಳೆಯ ತಟ್ಟೆಗಳು ಬಂದಂತೆ ಸಂಗ್ರಹ ಬದಲಾಗುವುದರಿಂದ ಅನುಭವಿಗಳು ಮೊದಲು ನೋಡುವುದು ಹೊಸದಾಗಿ ಬಂದವುಗಳ ತೊಟ್ಟಿಯನ್ನು. ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬೆಳಕಿಗೆ ಓರೆಯಾಗಿಸಿದಾಗ ಗೀರುಗಳು ಎದ್ದು ಕಾಣುತ್ತವೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬಿಸಿಲಿಗೆ ಸೊಟ್ಟಗಾಗಿದೆಯೇ ಎಂಬುದು ತಿಳಿಯುತ್ತದೆ. ನಡುವಿನ ತೂತಿನ ಸುತ್ತ ಕಾಗದದ ಮೇಲೆ ಬಿದ್ದಿರುವ ನವಿರು ಗೆರೆಗಳು ಹಿಂದಿನ ಒಡೆಯರು ಅದನ್ನು ಎಷ್ಟು ಬಾರಿ ಹಾಕಿ ಕೇಳಿರಬಹುದೆಂಬುದರ ಸುಳಿವು ನೀಡುತ್ತವೆ.

ಹಾಡು ಮುಗಿದ ಮೇಲೆ, ನಡುವಿನ ಕಾಗದ ಆರಂಭವಾಗುವ ಮುನ್ನ, ನುಣುಪಾದ ಒಂದು ಬಳೆಯಷ್ಟು ಜಾಗ ಉಳಿದಿರುತ್ತದೆ. ಅಚ್ಚು ತಯಾರಿಸಿದ ಹಂತದಲ್ಲಿ ಅಲ್ಲಿ ಗೀಚಿದ ಅಥವಾ ಒತ್ತಿದ ಸಣ್ಣ ಅಕ್ಷರಗಳಿಂದ ತಟ್ಟೆ ಯಾವ ಅಚ್ಚಿನದೆಂದು ತಿಳಿದುಕೊಳ್ಳಬಹುದು. ಜಾಸ್ ಸಂಗೀತದ ಹಳೆಯ ಎಲ್‌ಪಿಗಳಲ್ಲಿ ಆರ್‌ವಿಜಿ ಎಂಬ ಅಕ್ಷರಗಳು ಕಂಡರೆ ಸಂಗ್ರಾಹಕರ ಕಣ್ಣರಳುತ್ತದೆ, ಏಕೆಂದರೆ ಅದು ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು. ಕಣ್ಣಿನ ಪರೀಕ್ಷೆಯ ವೃತ್ತಿಯಲ್ಲಿದ್ದ ಅವರು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ತಂದೆ ತಾಯಿಯರ ಮನೆಯ ನಡುಕೋಣೆಯಲ್ಲೇ ಧ್ವನಿಮುದ್ರಣ ಮಾಡುತ್ತಿದ್ದು, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿದರು. ಜಾನ್ ಕೋಲ್ಟ್ರೇನ್ ಅವರ ಪ್ರಸಿದ್ಧ ಕೃತಿ ‘ಎ ಲವ್ ಸುಪ್ರೀಮ್’ 1964ರ ಡಿಸೆಂಬರಿನಲ್ಲಿ ಅಲ್ಲಿಯೇ ಮುದ್ರಿತವಾಯಿತು.

ಡೈನರ್‌ಗಳ ಕಥೆ 1872ರಲ್ಲಿ, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಆರಂಭವಾಗುತ್ತದೆ. ಉಳಿದ ಹೋಟೆಲುಗಳು ಮುಚ್ಚಿದ ಮೇಲೆ ಹಸಿದು ಬರುವ ರಾತ್ರಿಪಾಳಿಯವರಿಗಾಗಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆಗಾಡಿಯಿಂದ ತಿನಿಸು ಮಾರತೊಡಗಿದನು. ಗಾಡಿ ಕ್ರಮೇಣ ಒಂದೆಡೆ ನೆಲೆನಿಂತಿತಾದರೂ ಆಕಾರ ಮಾತ್ರ ಉದ್ದಗಾಡಿಯದಾಗಿಯೇ ಉಳಿಯಿತು: ನ್ಯೂಜೆರ್ಸಿಯ ಜೆರ್ರಿ ಓಮಹೋನಿ ಮೊದಲಾದವರ ಕಾರ್ಖಾನೆಗಳು ಕೌಂಟರು, ತಿರುಗುವ ಸ್ಟೂಲು, ಅಡುಗೆಯ ಒಲೆಗಳ ಸಮೇತ ಇಡೀ ಡೈನರನ್ನು ತಯಾರಿಸಿ, ರೈಲಿನ ಮೂಲಕವೋ ರಸ್ತೆಯ ಮೂಲಕವೋ ಸಾಗಿಸುತ್ತಿದ್ದುದರಿಂದ ಅದರ ಅಗಲ ಸಾಗಣೆಯ ಮಿತಿಯೊಳಗೇ ಇರಬೇಕಾಗಿತ್ತು. ಸಮ್ಮಿಟ್ ಪಟ್ಟಣದ ರೈಲು ನಿಲ್ದಾಣದ ಬಳಿ ಇರುವ, 1930ರ ದಶಕದ ಕೊನೆಯಲ್ಲಿ ತಯಾರಾದ ಓಮಹೋನಿ ಡೈನರನ್ನು ನೋಡಿದವರಿಗೆ ಈ ವಿನ್ಯಾಸ ಒಡನೆಯೇ ಅರ್ಥವಾಗುತ್ತದೆ.

ಡೈನರ್‌ನ ಮುಖ್ಯ ಪಟ್ಟಿ ವರ್ಷವಿಡೀ ಬದಲಾಗುವುದು ಕಡಿಮೆ. ಋತುವಿನ ಸುಳಿವು ಸಿಗುವುದು ದಿನದ ವಿಶೇಷಗಳನ್ನು ಬರೆದ ಹಲಗೆಯಲ್ಲಿ ಮತ್ತು ಕೌಂಟರಿನ ಬಳಿ ಕಡುಬಿನಂಥ ಹಣ್ಣಿನ ಪೈಗಳನ್ನು ಇಟ್ಟಿರುವ ಗಾಜಿನ ಪೆಟ್ಟಿಗೆಯಲ್ಲಿ. ಜೂನಿನಲ್ಲಿ ಸ್ಟ್ರಾಬೆರಿ, ಜುಲೈಯಲ್ಲಿ ಬ್ಲೂಬೆರಿ, ಆಗಸ್ಟಿನಲ್ಲಿ ಟೊಮೆಟೊ, ಮುಸುಕಿನ ಜೋಳ ಮತ್ತು ಪೀಚ್, ಸೆಪ್ಟೆಂಬರಿನಿಂದ ಸೇಬು, ಕುಂಬಳ ಮತ್ತು ಕ್ರ್ಯಾನ್‌ಬೆರಿ ಎಂಬುದು ಸ್ಥೂಲವಾದ ಕ್ರಮ. ಇವುಗಳಲ್ಲಿ ಬ್ಲೂಬೆರಿಯ ಬೇಸಾಯಕ್ಕೆ ಈ ರಾಜ್ಯವೇ ತವರು: ವೈಟ್ಸ್‌ಬಾಗ್ ಎಂಬಲ್ಲಿ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಕಾಡಿನ ಗಿಡಗಳಿಂದ ತಳಿಗಳನ್ನು ಆಯ್ದು ಬೆಳೆಸಿ, 1916ರಲ್ಲಿ ಮೊದಲ ಬೇಸಾಯದ ಫಸಲನ್ನು ಮಾರುಕಟ್ಟೆಗೆ ತಂದರು. ಹಿಟ್ಟನ್ನು ಕಾವಲಿಯ ಮೇಲೆ ಹೊಯ್ದು, ಮೇಲ್ಮೈಯಲ್ಲಿ ಗುಳ್ಳೆ ಏಳುತ್ತಿರುವಾಗ ಈ ಹಣ್ಣುಗಳನ್ನು ಉದುರಿಸಿ ಮಗುಚಿ ಹಾಕಿದರೆ, ಅವು ಬಿಸಿಗೆ ಒಡೆದು ಪ್ಯಾನ್‌ಕೇಕಿನ ಒಳಗೆಲ್ಲ ನೇರಳೆ ರಸ ಹರಡುತ್ತದೆ. ಮಾಂಸವನ್ನೂ ಆಲೂಗಡ್ಡೆಯನ್ನೂ ಅದೇ ಕಾವಲಿಯಲ್ಲಿ ಬೇಯಿಸುವ ರೂಢಿ ಇರುವುದರಿಂದ, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪೈಯ ಹೊರಪದರಕ್ಕೆ ಕೆಲವೆಡೆ ಹಂದಿಯ ಕೊಬ್ಬನ್ನು ಬಳಸುವುದೂ ಉಂಟು.

ಶನಿವಾರ ಬೆಳಿಗ್ಗೆ ಮೆನ್ಲೊ ಪಾರ್ಕಿನ ಎಡಿಸನ್ ಸ್ಮಾರಕ ಗೋಪುರವನ್ನು ನೋಡಿ, ಮಧ್ಯಾಹ್ನವನ್ನು ಪ್ರಿನ್ಸ್‌ಟನ್ನಿನ ತೊಟ್ಟಿಗಳಿಗೆ ಮೀಸಲಿಟ್ಟು, ಭಾನುವಾರ ಕ್ಯಾಮ್ಡೆನ್ ಮತ್ತು ವೈಟ್ಸ್‌ಬಾಗ್ ಕಡೆಗೆ ಸಾಗುತ್ತ, ದಾರಿಯ ಡೈನರ್‌ಗಳಲ್ಲಿ ಊಟ ಮಾಡಿದರೆ ಪ್ರವಾಸ ಅವಸರವಿಲ್ಲದೆ ಮುಗಿಯುತ್ತದೆ. ಕೊಂಡ ತಟ್ಟೆಗಳನ್ನು ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬಾರದು. ಮುಚ್ಚಿದ ಕಾರಿನ ಬಿಸಿಗೆ ವಿನೈಲ್ ಬಹುಬೇಗ ಸೊಟ್ಟಗಾಗುತ್ತದೆ. ತಟ್ಟೆಗಳ ಚೀಲವನ್ನು ಒಳಗೆ ಒಯ್ದು ಬೆಂಚಿನ ಮೇಲೆ ನೇರವಾಗಿ ನಿಲ್ಲಿಸಿಕೊಂಡು ಕುಳಿತರೆ ಯಾವ ಡೈನರೂ ಆಕ್ಷೇಪಿಸುವುದಿಲ್ಲ.

ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳು ಸುಮಾರು 4.1 ಕೋಟಿ, ಸಿ.ಡಿ.ಗಳು ಸುಮಾರು 3.3 ಕೋಟಿ. 1987ರ ನಂತರ ವಿನೈಲ್ ಸಂಖ್ಯೆಯಲ್ಲಿ ಮುಂದೆ ಬಂದದ್ದು ಅದೇ ಮೊದಲು. ಆದರೆ ಹೊಸ ತಟ್ಟೆಗಳ ಮಾರಾಟದಿಂದಷ್ಟೇ ಹಳೆಯ ಅಂಗಡಿಗಳು ಉಳಿಯಲಾರವು, ಏಕೆಂದರೆ ಅವುಗಳ ಸೊಗಸು ಇರುವುದು ಊರಿನ ಜನ ತಂದು ಮಾರುವ, ಮತ್ತೊಬ್ಬರು ಬಂದು ಕೊಳ್ಳುವ ಹಳೆಯ ತಟ್ಟೆಗಳ ಓಡಾಟದಲ್ಲಿ. ಡೈನರ್ ಸುತ್ತಲಿನ ಹೊಲದ ಟೊಮೆಟೊವನ್ನೇ ತರಿಸಿಕೊಳ್ಳಬೇಕಾದರೂ ಆಗಸ್ಟಿನಲ್ಲಿ ಅದನ್ನೇ ಕೇಳಿ ತಿನ್ನುವ ಗಿರಾಕಿಗಳು ಇರಲೇಬೇಕು. ಬೆರಳ ತುದಿಯಲ್ಲಿ ಹಾಡೂ ಊಟವೂ ದೊರೆಯುವ ಈ ಕಾಲದಲ್ಲಿ ಇವೆರಡೂ ಗಿರಾಕಿಯ ಬರುವಿಕೆಯನ್ನೇ ನಂಬಿಕೊಂಡಿವೆ. ಅಲ್ಲಿ ನೆಲೆಸಿದ ಕನ್ನಡಿಗರು ವರ್ಷದಲ್ಲಿ ಒಂದೆರಡು ವಾರಾಂತ್ಯಗಳನ್ನು ಇವಕ್ಕಾಗಿ ಎತ್ತಿಟ್ಟರೆ, ತಾವು ದುಡಿದು ಬಾಳುತ್ತಿರುವ ನಾಡನ್ನು ಹೆದ್ದಾರಿಯ ಆಚೆಗೂ ಅರಿತಂತಾಗುತ್ತದೆ, ಆ ಅಂಗಡಿಗಳ ಬಾಗಿಲು ತೆರೆದಿರಲು ತಮ್ಮ ಪಾಲನ್ನೂ ಸಲ್ಲಿಸಿದಂತಾಗುತ್ತದೆ.