ಹಸಿ ಬಣ್ಣದ ಪೆಟ್ಟಿಗೆ

ಬೆಂಗಳೂರಿನ ಗಾಂಧಿ ಬಜಾರಿನ ಹೂವಿನ ಸಾಲಿನ ಎದುರು ಚಿತ್ರಕಾರರೊಬ್ಬರು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದಾಗ ಬೆಳಿಗ್ಗೆ ಆರೂವರೆ. 'ಹೆಸರು ಹಾಕಬೇಡಿ' ಎಂದರು. ಹೂವಿನವರು ಕರೆಯುವಂತೆ ನಾವೂ ಮೇಷ್ಟ್ರು ಅಂತಲೇ ಕರೆಯೋಣ. ನಾನು ಹೋಗಿದ್ದು ಬೀದಿಯಲ್ಲಿ, ಬಯಲಲ್ಲಿ ನಿಂತು ತೈಲಚಿತ್ರ ಬರೆಯುವ ಬಗೆಯನ್ನು ನೋಡಲು. ಕಣ್ಣು ಹೋದದ್ದು ಮಾತ್ರ ಅವರ ಹೆಗಲಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ.

ಬಡಗಿಯಿಂದ ಮಾಡಿಸಿದ್ದು. ಒಳಗೆ ಮೂರು ತೋಡು ಕೊರೆದಿದೆ, ಒಂದೊಂದರಲ್ಲೂ ಚಿತ್ರ ಬರೆಯುವ ಒಂದು ಹಲಗೆ. ನಡುವೆ ಬೆರಳು ತೂರುವಷ್ಟು ಜಾಗ. ತೈಲವರ್ಣ ನೀರುಬಣ್ಣದ ಹಾಗೆ ಆರುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಂಬರ್‌ನಂಥ ಕಂದು ಬೇಗ, ಕೆಲವು ಕೆಂಪು ಬಹಳ ತಡ. ಪೆಟ್ಟಿಗೆ ಇಲ್ಲದ ಕಾಲದಲ್ಲಿ ಚಿತ್ರವನ್ನು ಕೈಯಲ್ಲೇ ಹಿಡಿದು ಬಸ್ ಹತ್ತುತ್ತಿದ್ದರಂತೆ. ಒಮ್ಮೆ ಚೆಂಡುಹೂವಿನ ರಾಶಿಯಷ್ಟೂ ಪಕ್ಕದ ಯಜಮಾನರೊಬ್ಬರ ಬಿಳಿ ಪಂಚೆಗೆ ಹತ್ತಿತು. ಮದುವೆಗೆ ಹೊರಟವರು! 'ಹಳದಿ ಶುಭ ಅಂತ ಸಮಾಧಾನ ಹೇಳಿದೆ, ಕೇಳಲಿಲ್ಲ' ಎಂದು ಮೇಷ್ಟ್ರು ನಕ್ಕರು. ಮರುವಾರವೇ ಬಡಗಿಯ ಹತ್ತಿರ ಹೋದರು.

ಹಲಗೆಗೆ ಮೊದಲೇ ತೆಳ್ಳಗೆ ಇಟ್ಟಿಗೆಗೆಂಪು ಬಳಿದಿರುತ್ತಾರೆ. ಬೆಳಕಲ್ಲಿ ಬಿಳಿ ಹಲಗೆ ಕಣ್ಣು ಕುಕ್ಕುತ್ತದೆ. ಟರ್ಪೆಂಟೈನ್ ಬೆರೆಸಿದ ಬಣ್ಣದಲ್ಲಿ ಮೊದಲು ನೆರಳನ್ನಷ್ಟೇ ಹಿಡಿದರು. ನೆರಳು ಸರಿಯುವ ಮುನ್ನ, ಅಂದರೆ ಹೆಚ್ಚೆಂದರೆ ಎರಡು ಗಂಟೆಯೊಳಗೆ, ಮುಗಿಸಬೇಕು. ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಮೇಲೆಯೇ ಬರಬೇಕು, ಕೆಳಗೆ ಹೋದರೆ ನಾಳೆ ಬಿರುಕು. ಉಳಿದ ಕುಂಚದ ಕೆಲಸ ನನ್ನ ಕಣ್ಣಿಗೆ ಸಿಗದಷ್ಟು ವೇಗವಾಗಿ ನಡೆಯಿತು.

ಸೇವಂತಿಗೆ ರಾಶಿಗೆ ಹಳದಿ ಇಟ್ಟು ಅವರು ಎರಡು ಹೆಜ್ಜೆ ಹಿಂದೆ ಸರಿದರು. ದಾರ ಸುತ್ತುತ್ತಿದ್ದ ಹೂವಮ್ಮ ಕತ್ತು ಚಾಚಿ ನೋಡಿ, 'ಮೇಷ್ಟ್ರೇ, ಇದು ನಿನ್ನೆ ಹೂವು. ನಂದು ಇವತ್ತಿಂದು' ಎಂದುಬಿಟ್ಟರು. ಮೇಷ್ಟ್ರು ಮರುಮಾತಾಡದೆ ಬಟ್ಟೆಯಿಂದ ಅಷ್ಟನ್ನೂ ಒರೆಸಿದರು. ಮಣ್ಣುಹಳದಿ ಓಕರ್ ಬಿಟ್ಟು, ಹಸಿರು ಛಾಯೆಯ ನಿಂಬೆ ಹಳದಿ ತೆಗೆದರು. ರಾಶಿ ತಟ್ಟನೆ ತಂಪಾಯಿತು. ನಾನು ಓದಿದ ಕಲಾವಿಮರ್ಶೆಗಳಲ್ಲಿ ಇಷ್ಟು ಖಚಿತವಾದದ್ದು ಕಡಿಮೆ.

ಬಣ್ಣವನ್ನು ಹೊರಗೆ ಒಯ್ಯುವುದು ಸಲೀಸಾದದ್ದು 1841ರಿಂದ ಈಚೆಗೆ. ಆ ವರ್ಷ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್ ಅದುಮಬಹುದಾದ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಬಣ್ಣ ತುಂಬಿಡುತ್ತಿದ್ದುದು ಹಂದಿಯ ಮೂತ್ರಕೋಶದಲ್ಲಿ. ಇಂಪ್ರೆಷನಿಸ್ಟ್ ಚಿತ್ರಕಾರರು ಹೊಲ, ಹೊಳೆದಂಡೆಗಳಿಗೆ ಹೊರಟದ್ದರ ಹಿಂದೆ ಈ ಟ್ಯೂಬಿನ ಉಪಕಾರವಿದೆ.

ಬೆಂಗಳೂರಿನ ಮಟ್ಟಿಗೆ ಮೇಷ್ಟ್ರು ಹೇಳುವ ಹೆಸರು ಒಂದೇ: ರುಮಾಲೆ ಚನ್ನಬಸವಯ್ಯ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ ಕಲಿತವರು. ಸ್ವಾತಂತ್ರ್ಯ ಹೋರಾಟಕ್ಕೆಂದು ಕುಂಚ ಕೆಳಗಿಟ್ಟರು, ಮುಂದೆ 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆದರು. ಅರವತ್ತರ ದಶಕದಲ್ಲಿ ಮತ್ತೆ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನ ಹೂಮರಗಳನ್ನು ಮರದ ಎದುರೇ ಕುಳಿತು ಬರೆದರು. ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ನಲ್ಲಿ ಆ ಗುಲ್‌ಮೊಹರ್, ಜಕರಂಡಗಳು ಇನ್ನೂ ಅರಳಿಕೊಂಡಿವೆ. ನಮ್ಮ ಶಾಲೆಯ ಮಕ್ಕಳನ್ನು ಮಾಲ್‌ಗಿಂತ ಮೊದಲು ಅಲ್ಲಿಗೆ ಕರೆದೊಯ್ಯಬಾರದೇ?

ಮೇಷ್ಟ್ರಿಗೆ ಬಣ್ಣದ ಬೆಲೆ ಭಾರ. ಕಾವಲುಗಾರರು 'ಪರ್ಮಿಷನ್ ಇದೆಯಾ' ಎನ್ನುತ್ತಾರೆ. ಅದಕ್ಕಿಂತ ಕಾಡುವುದು ಮನೆಯ ಗೋಡೆಯಲ್ಲಿರುವ ನಂದಾ ರಸ್ತೆಯ ಮರಸಾಲಿನ ಚಿತ್ರ. 2009ರಲ್ಲಿ ಮೆಟ್ರೊಗಾಗಿ ಆ ಮರಗಳು ಉರುಳಿದವು. ಕೊಳ್ಳಲು ಬಂದವರಿಗೆ ಆ ಒಂದನ್ನು ಕೊಡಲಿಲ್ಲ: 'ಎಲೆ ತಿದ್ದೋದು ಬಾಕಿ ಇತ್ತು. ಈಗ ಏನನ್ನು ನೋಡಿ ತಿದ್ದಲಿ?'

ಎಂಟೂವರೆಗೆ ಹಲಗೆ ಪೆಟ್ಟಿಗೆಯ ತೋಡಿನೊಳಗೆ ಸರಿಯಿತು. ಹೂವಮ್ಮ ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲಿಟ್ಟರು, 'ಅಮ್ಮನೋರಿಗೆ' ಎಂದು. ಬಸ್ಸಿನಲ್ಲಿ ಕಂಡಕ್ಟರ್ ಗುರುತು ಹಿಡಿದು ಮುಂದಿನವರನ್ನು ಸರಿಸಿ ಜಾಗ ಮಾಡಿಕೊಟ್ಟ.

'ಒಣಗಿದೆಯಾ ಸಾರ್?'

'ಇನ್ನೊಂದು ವಾರ ಆಗುತ್ತಪ್ಪ.'

ಆತ ತನ್ನ ತೋಳನ್ನು ಪೆಟ್ಟಿಗೆಯಿಂದ ಒಂದು ಗೇಣು ದೂರ ಸರಿಸಿಕೊಂಡು ಟಿಕೆಟ್ ಹರಿದ.